ಚೀಟಿ ಬರೆಯೋ ಮೊದಲು ರೋಗಿ ಕೈಲಿರೋ ಮಾತ್ರೆ ಕವರ್ ಒಂದ್ಸಲ ಬಿಚ್ಚಿಸಿ ನೋಡಿ ಡಾಕ್ಟ್ರೇ

ಸಂಪಾದಕರಿಗೆ ನಮಸ್ಕಾರ,

ನಾನು ಒಂದು ತಾಲ್ಲೂಕು ಊರಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿರೋನು. ಡಿ.ಫಾರ್ಮ ಮುಗಿಸಿ ಕೌಂಟರ್ ಹಿಂದೆ ನಿಂತು 22 ವರ್ಷ ಆಯ್ತು. ಡಾಕ್ಟ್ರ ಮೇಲೆ ದೂರು ಹೇಳೋಕೆ ಬರೀತಿಲ್ಲ, ಅವರ ಚೀಟಿಯಿಂದಾನೇ ನಮ್ಮನೆ ಅನ್ನ. ಆದ್ರೆ ಬೇರೆ ಬೇರೆ ಡಾಕ್ಟ್ರು ಬರೆದ ಮಾತ್ರೆ ಒಂದಕ್ಕೊಂದು ಆಗಿಬರದೇ ಇರೋದು ಅವರ ಟೇಬಲ್ ಮೇಲೆ ಕಾಣಲ್ಲ, ನಮ್ಮ ಕೌಂಟರ್ ಮೇಲೆ ಕಾಣುತ್ತೆ, ಅದನ್ನ ಯಾರಾದ್ರೂ ಹೇಳ್ಲೇಬೇಕಲ್ಲ.

ಹೋದ ಬೇಸಿಗೇಲಿ ನಮ್ಮ ಖಾಯಂ ಗಿರಾಕಿ ಒಬ್ರು ಅಜ್ಜಿ, ಆರು ವರ್ಷದಿಂದ ಬೀಪಿಗೆ ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಝೈಡ್ ಅನ್ನೋ ಉಚ್ಚೆ ಹೋಗಿಸೋ ಔಷಧಿ ಸೇರಿರೋ ಮಾತ್ರೆ ತಗೋತಿದ್ರು, ಮಂಡಿ ನೋವು ಅಂತ ಇನ್ನೊಂದು ಊರಲ್ಲಿ ಮೂಳೆ ಡಾಕ್ಟ್ರ ಹತ್ರ ಹೋದ್ರು, ಅವ್ರು ಅಸೆಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ದಿನಕ್ಕೆ ಎರಡು ಅಂತ ಹದಿನೈದು ದಿನಕ್ಕೆ ಬರೆದ್ರು. ಅದರ ಮಧ್ಯೆ ಮದುವೆ ಮನೆ ಊಟ ಮಾಡಿ ಎರಡು ದಿನ ಬೇಧಿ. ಮೂರನೇ ದಿನಕ್ಕೆ ಉಚ್ಚೆನೇ ಸರಿಯಾಗಿ ಹೋಗ್ತಿಲ್ಲ, ಕಾಲು ಊತ, ವಾಂತಿ. ರಕ್ತ ಟೆಸ್ಟ್ ಮಾಡಿಸಿದ್ರೆ, ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರ್ಸೋ ಕ್ರಿಯಾಟಿನಿನ್, ಒಂದರ ಆಸುಪಾಸಲ್ಲಿ ಇರ್ಬೇಕಾದ್ದು, 4.2. ಡಯಾಲಿಸಿಸ್ ತನಕ ಹೋಗ್ಲಿಲ್ಲ, ಎಲ್ಲಾ ನಿಲ್ಲಿಸಿ ಡ್ರಿಪ್ ಹಾಕಿ ಹತ್ತು ದಿನದಲ್ಲಿ ಇಳೀತು. ಎರಡೂ ಚೀಟಿಗೆ ಮಾತ್ರೆ ಎಣಿಸಿ ಕೊಟ್ಟೋನು ನಾನೇ. ಅವತ್ತು ಅಂಗಡೀಲಿ ರಶ್ ಇತ್ತು, ನೋಡ್ಲಿಲ್ಲ. ಅದು ಇನ್ನೂ ಚುಚ್ಚುತ್ತೆ.

ಇದಕ್ಕೆ ಪುಸ್ತಕದಲ್ಲೇ ಹೆಸರಿದೆ, ಟ್ರಿಪಲ್ ವ್ಯಾಮಿ ಅಂತ, ಅಂದ್ರೆ ಮೂರು ಕಡೆಯಿಂದ ಏಟು. ಕಿಡ್ನಿ ಅಂದ್ರೆ ಗದ್ದೆ ಅನ್ಕೊಳ್ಳಿ. ನೋವಿನ ಮಾತ್ರೆ ನೀರು ಒಳಗೆ ಬರೋ ಬಾಯಿ ಕಿರಿದು ಮಾಡುತ್ತೆ, ಟೆಲ್ಮಿಸಾರ್ಟಾನ್ ಥರದ್ದು ಹೊರಗೆ ಹೋಗೋ ಬಾಯಿ ಅಗಲ ಮಾಡುತ್ತೆ, ಉಚ್ಚೆ ಹೋಗಿಸೋ ಮಾತ್ರೆ ಕಾಲುವೆ ನೀರನ್ನೇ ಕಮ್ಮಿ ಮಾಡುತ್ತೆ. ಗದ್ದೇಲಿ ನೀರು ನಿಲ್ಲೋದಾದ್ರೂ ಹೇಗೆ? ಮೂರೂ ಒಂದೊಂದಾಗಿ ಒಳ್ಳೆ ಔಷಧಿನೇ, ಯಾವ ಡಾಕ್ಟ್ರೂ ತಪ್ಪು ಬರೆದಿಲ್ಲ, ಅದೇ ನೋಡಿ ಕಷ್ಟ.

ಇನ್ನೊಂದು, ಹಾರ್ಟ್ ವಾಲ್ವ್ ಆಪರೇಷನ್ ಆಗಿ ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋ ವಾರ್ಫರಿನ್ ತಗೊಳ್ಳೋ ಹುಡುಗ ಒಬ್ಬ ಹುಳುಕಡ್ಡಿಗೆ ಅಂತ ಫ್ಲುಕೊನಝೋಲ್ ಅನ್ನೋ ಫಂಗಸ್ ಮಾತ್ರೆ ಬರೆಸ್ಕೊಂಡು ಬಂದ. ಚರ್ಮದ ಡಾಕ್ಟ್ರು ಕೇಳಿಲ್ಲ, ಇವನೂ ಹೇಳಿಲ್ಲ, ತುರಿಕೆಗೂ ಹಾರ್ಟಿಗೂ ಏನ್ ಸಂಬಂಧ ಅಂತ. ಸಂಬಂಧ ಇದೆ, ಫ್ಲುಕೊನಝೋಲ್ ಜೊತೆ ಸೇರಿದ್ರೆ ವಾರ್ಫರಿನ್ ಮೈಯಲ್ಲೇ ಉಳಿದು ರಕ್ತ ನೀರಾಗ್ತಾ ಹೋಗುತ್ತೆ, ವಸಡಲ್ಲಿ ಶುರುವಾಗಿ ತಲೆ ಒಳಗೂ ರಕ್ತಸ್ರಾವ ಆಗ್ಬಹುದು. ಆ ಸಲ ಹಿಡಿದೆ. ಇನ್ನು ನಿದ್ದೆಗೆ ಒಬ್ರು ಅಲ್ಪ್ರಜೋಲಾಮ್, ಬೆನ್ನು ನೋವಿಗೆ ಇನ್ನೊಬ್ರು ಟ್ರಾಮಡಾಲ್ ಬರೆಯೋದಂತೂ ದಿನಾ ನೋಡ್ತೀವಿ. ಎರಡೂ ಸೇರಿದ್ರೆ ಉಸಿರಾಟನೇ ನಿಧಾನ ಆಗುತ್ತೆ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಎರಡು ಜಾತಿ ಔಷಧಿ ಜೊತೆಯಾಗಿ ಕೊಡೋದ್ರ ಬಗ್ಗೆ 2016ರಲ್ಲೇ ತನ್ನ ಅತಿ ಕಡಕ್ ವಾರ್ನಿಂಗ್ ಹಾಕ್ಸಿದೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 156 ಕಾಂಬಿನೇಷನ್ ಔಷಧಿ ಬ್ಯಾನ್ ಮಾಡ್ತು, ಪೇಪರಲ್ಲೆಲ್ಲಾ ಬಂತು, ಒಳ್ಳೇದೇ. ಆದ್ರೆ ಅದು ಕಂಪನಿಯೋರು ಒಂದೇ ಮಾತ್ರೆ ಒಳಗೆ ಸೇರ್ಸಿದ್ದು. ಮೂರು ಡಾಕ್ಟ್ರು ಮೂರು ಚೀಟೀಲಿ ಬರೆದು ರೋಗಿ ಹೊಟ್ಟೇಲಿ ಸೇರೋ ಕಾಂಬಿನೇಷನ್‌ನ ಯಾರು ಬ್ಯಾನ್ ಮಾಡ್ತಾರೆ?

ಒಪಿಡೀಲಿ ಒಬ್ಬೊಬ್ರಿಗೆ ಎರಡು ನಿಮಿಷ ಸಿಗೋದೂ ಕಷ್ಟ ಅಂತ ನಂಗೂ ಗೊತ್ತು. ಆದ್ರೂ ಬರೆಯೋಕೆ ಮುಂಚೆ "ಬೇರೆ ಏನೇನು ಮಾತ್ರೆ ನುಂಗ್ತಿದೀರಮ್ಮ, ಕವರ್ ತೋರ್ಸಿ" ಅಂತ ಒಂದ್ಸಲ ಕೇಳಿ. ಹೆಸರು ಅವರಿಗೆ ಗೊತ್ತಿರಲ್ಲ, "ಕೆಂಪು ಮಾತ್ರೆ, ಅರ್ಧ ಬಿಳೀದು" ಅಂತಾರೆ, ಅದಕ್ಕೇ ಸ್ಟ್ರಿಪ್‌ನೇ ನೋಡ್ಬೇಕು. ವಯಸ್ಸಾದೋರಿಗೆ ಬೀಪಿ ಮಾತ್ರೆ ಇದ್ರೆ ಮಂಡಿಗೆ ಮೊದಲು ಪ್ಯಾರಸಿಟಮಾಲ್, ಹಚ್ಚೋ ಜೆಲ್ ನೋಡ್ಬಹುದು. ನೋವಿನ ಮಾತ್ರೆ ಕೊಡ್ಲೇಬೇಕು ಅಂದ್ರೆ ಐದೇ ದಿನ ಕೊಟ್ಟು, ಕ್ರಿಯಾಟಿನಿನ್ ಒಂದ್ಸಲ ಮಾಡ್ಸಿ, ಬೇಧಿ ವಾಂತಿ ಆದ್ರೆ ತಕ್ಷಣ ಫೋನ್ ಮಾಡಿ ಅಂತ ಹೇಳಿ ಕಳ್ಸಿ.

ಕೊನೆಗೊಂದು ನಮ್ಮ ಕಡೆ ಮಾತು. ಚೀಟೀಲಿ ಡೌಟ್ ಬಂದು ನಾವು ಫೋನ್ ಮಾಡಿದ್ರೆ ರಿಸೆಪ್ಷನ್‌ನಲ್ಲಿ "ಟೋಕನ್ ಬೇಕಾ" ಅಂತ ಕೇಳ್ತಾರೆ. ಒಂದ್ಸಲ ಡಾಕ್ಟ್ರೇ ಸಿಕ್ಕಿದ್ರು, "ನೀನು ಡಾಕ್ಟ್ರೋ ನಾನು ಡಾಕ್ಟ್ರೋ" ಅಂದ್ರು. ಎಲ್ರೂ ಹಂಗಲ್ಲ, ಮೊನ್ನೆ ವಾರ್ಫರಿನ್ ಹುಡುಗನ ಚೀಟಿಗೆ ಫೋನ್ ಮಾಡಿದಾಗ ಆ ಚರ್ಮದ ಡಾಕ್ಟ್ರು ಅರ್ಧ ನಿಮಿಷ ಸುಮ್ನಿದ್ದು, "ಅದು ಕೊಡ್ಬೇಡಿ, ಹಚ್ಚೋ ಕ್ರೀಮ್ ಸಾಕು, ನಂಬರ್ ಸೇವ್ ಮಾಡ್ಕೋತೀನಿ" ಅಂದ್ರು. ಹಾಗೆ ನೇರವಾಗಿ ಡಾಕ್ಟ್ರೇ ಎತ್ತೋ ಒಂದು ನಂಬರ್ ಚೀಟಿ ಮೇಲೆ ಪ್ರಿಂಟ್ ಹಾಕ್ಸಿದ್ರೆ ಸಾಕು, ದಿನಕ್ಕೆ ಹತ್ತು ಸಲ ಮಾಡಿ ತಲೆ ತಿನ್ನಲ್ಲ, ನಮಗೂ ಅಂಗಡಿ ನೋಡ್ಕೋಬೇಕು.

ಇಂತಿ,
ಒಬ್ಬ ಮೆಡಿಕಲ್ ಶಾಪ್ ಫಾರ್ಮಸಿಸ್ಟ್
ಹಾಸನ ಜಿಲ್ಲೆ