ಪೀಠಿಕೆಯನ್ನು ಕೊನೆಗೆ ಬರೆಸು

ಪ್ರೀತಿಯ ಮಗಳೇ,

ಅಮ್ಮನ ಆಶೀರ್ವಾದಗಳು. ಒಂಬತ್ತನೆಯ ತರಗತಿಗೆ ‘ಗ್ರಂಥಾಲಯಗಳ ಮಹತ್ವ’ ಎಂಬ ಪ್ರಬಂಧ ಕೊಟ್ಟರೆ ಬಹುಪಾಲು ಮಕ್ಕಳು ‘ದೇಶ ಸುತ್ತು, ಕೋಶ ಓದು ಎಂಬ ಗಾದೆಯಂತೆ’ ಎಂದೇ ಆರಂಭಿಸಿದ್ದಾರೆ, ಎಲ್ಲವೂ ಗೈಡಿನಿಂದ ಇಳಿಸಿಕೊಂಡದ್ದು ಎಂದು ಫೋನಿನಲ್ಲಿ ಬೇಸರಪಟ್ಟುಕೊಂಡೆಯಲ್ಲ, ಅದರಲ್ಲಿ ಮಕ್ಕಳ ತಪ್ಪು ಕಡಿಮೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹಲಗೆಯ ಮೇಲೆ ಬರೆದು, ‘ಮನೆಯಲ್ಲಿ ಬರೆದುಕೊಂಡು ಬನ್ನಿ’ ಎಂದು ಕಳಿಸುವವರು ನಾವೇ. ಆ ಮೂರೂ ಬರೆದು ಮುಗಿದ ಪ್ರಬಂಧದ ಅಂಗಗಳು. ಬರೆಯುವ ಬಗೆ ಅವುಗಳಿಂದ ತಿಳಿಯುವುದಿಲ್ಲ. ಎಲೆಗೆ ಬಡಿಸಿದ ಊಟವನ್ನು ತೋರಿಸಿ ಅಡುಗೆ ಕಲಿಸಿದೆವೆಂದು ಹೇಳಿಕೊಂಡ ಹಾಗಾಯಿತು.

ಮೊದಲ ದಿನ ಒಂದು ವಾಕ್ಯವನ್ನೂ ಬರೆಸಬೇಡ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು (ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ) ನೋಡಿಕೊಂಡು ಬರಲು ಹೇಳು. ಬಾಗಿಲು ಯಾವ ಹೊತ್ತಿಗೆ ತೆರೆಯುತ್ತದೆ, ಪತ್ರಿಕೆ ಓದಲು ಯಾರು ಬರುತ್ತಾರೆ, ಹೆಣ್ಣುಮಕ್ಕಳು ಅಲ್ಲಿ ಕೂರುತ್ತಾರೆಯೇ, ಯಾವ ಕಪಾಟಿಗೆ ಬೀಗ ಹಾಕಿದೆ, ಹೀಗೆ ಕಂಡದ್ದನ್ನೆಲ್ಲ ಟಿಪ್ಪಣಿ ಮಾಡಿಕೊಂಡು ಬರಲಿ. ಮನೆಯಲ್ಲಿ ಕಂದಾಯದ ರಸೀದಿ ಇದ್ದರೆ ಅದನ್ನೂ ತೆಗೆಸಿ ನೋಡಲಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ 1965ರದು. ಅದರಿಂದಾಗಿ ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವೂ ವಸೂಲಾಗುತ್ತದೆ. ನೂರು ರೂಪಾಯಿ ಮನೆಗಂದಾಯ ಕಟ್ಟುವ ಅಪ್ಪ ಆರು ರೂಪಾಯಿಯನ್ನು ಪುಸ್ತಕಕ್ಕೆಂದು ಕೊಡುತ್ತಿದ್ದಾರೆ ಎಂಬುದನ್ನು ತಿಳಿದ ಹುಡುಗಿಗೆ ಬರೆಯಲು ಗಾದೆಯ ನೆರವು ಬೇಕಾಗುವುದಿಲ್ಲ.

ಮಕ್ಕಳು ತಂದದ್ದನ್ನೆಲ್ಲ ಮರುದಿನ ಹಲಗೆಯ ಮೇಲೆ ಹೇಗೆಂದರೆ ಹಾಗೆ ಬರೆದು, ನಂಟಿರುವ ಅಂಶಗಳನ್ನು ಗೆರೆ ಎಳೆದು ಕೂಡಿಸಲು ಹೇಳು. ಆಮೇಲೆ ಪ್ರತಿಯೊಬ್ಬರೂ ತಾವು ಹೇಳಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಹೇಳಲಿ. ‘ಗ್ರಂಥಾಲಯವು ಜ್ಞಾನದ ಭಂಡಾರ’ ಎಂದರೆ ಒಪ್ಪಿಕೊಳ್ಳಬೇಡ. ಅತ್ತ ತಲೆ ಹಾಕದವರೂ ಅಷ್ಟನ್ನು ಹೇಳುತ್ತಾರೆ. ‘ನಾವು ಶಾಲೆಯಲ್ಲಿರುವಾಗ ತೆರೆಯುವ ಗ್ರಂಥಾಲಯ ನಾವು ಶಾಲೆ ಬಿಟ್ಟು ಬರುವ ಹೊತ್ತಿಗೆ ಮುಚ್ಚಿರುತ್ತದೆ’ ಎಂದು ಒಬ್ಬ ಹುಡುಗ ಹೇಳಿದರೆ ಅವನಿಗೆ ಪ್ರಬಂಧ ಸಿಕ್ಕಿತೆಂದೇ ಲೆಕ್ಕ. ಆ ವಾಕ್ಯಕ್ಕೆ ಸಂಬಂಧಿಸದ ಅಂಶ ಎಷ್ಟೇ ಸೊಗಸಾಗಿದ್ದರೂ ಹೊಡೆದುಹಾಕಬೇಕು. ಮಕ್ಕಳು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ, ದೊಡ್ಡವರೂ ಅಷ್ಟೆ.

ಕರಡನ್ನು ನಡುವಿನಿಂದ ಬರೆಸು. ಏನು ಹೇಳಿದ್ದೇವೆಂಬುದು ಗೊತ್ತಾದ ಮೇಲೆ ಪೀಠಿಕೆ ಬರೆಯುವುದು ಸುಲಭ; ಗೊತ್ತಾಗುವ ಮೊದಲೇ ಬರೆಯಬೇಕಾಗಿ ಬಂದಾಗಲೇ ಮಕ್ಕಳು ಗೈಡಿಗೆ ಕೈ ಹಾಕುವುದು. ಅವರು ಬರೆಯುವಾಗ ನೀನೂ ಹಲಗೆಯ ಮೇಲೆ ಬರೆ, ಒಪ್ಪಿಗೆಯಾಗದ ವಾಕ್ಯವನ್ನು ಅವರೆದುರಿಗೇ ಅಳಿಸಿ ಮತ್ತೆ ಬರೆ. ಬರವಣಿಗೆಯನ್ನು ಮುಗಿದ ವಸ್ತುವೆಂದು ಕಾಣದೆ ಒಂದು ಪ್ರಕ್ರಿಯೆಯಾಗಿ ಕಲಿಸಬೇಕೆಂದು 1972ರಲ್ಲಿ ಅಮೆರಿಕದಲ್ಲಿ ವಾದಿಸಿದ ಡೊನಾಲ್ಡ್ ಮರ್ರೆ, ಮೇಷ್ಟ್ರಾಗುವ ಮುಂಚೆ ಪತ್ರಿಕೆಯಲ್ಲಿ ಸಂಪಾದಕೀಯ ಬರೆದು ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದವರು. ಹೊಡೆದು ಬರೆಯುವ ಕಷ್ಟ ಅವರಿಗೆ ಗೊತ್ತಿತ್ತು. ಜಾನೆಟ್ ಎಮಿಗ್ ಎಂಬುವರು ಹನ್ನೆರಡನೆಯ ತರಗತಿಯ 8 ವಿದ್ಯಾರ್ಥಿಗಳಿಗೆ ಮನಸ್ಸಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತ ಬರೆಯಲು ಹೇಳಿ, ಗಮನಿಸಿ, 1971ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬರವಣಿಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಶಾಲೆ ಹೇಳುವಂತೆ ನೆಟ್ಟಗೆ ಸಾಗುವುದಿಲ್ಲ. ಆದ್ದರಿಂದ ನಾನು ಹೇಳಿದ ಮೊದಲ ದಿನ, ಮರುದಿನ ಎಂಬುದನ್ನೂ ಕಟ್ಟಳೆ ಮಾಡಿಕೊಳ್ಳಬೇಡ. ಕರಡಿನ ನಡುವೆ ಯಾರಾದರೂ ಗ್ರಂಥಾಲಯಕ್ಕೆ ಇನ್ನೊಮ್ಮೆ ಹೋಗಬೇಕೆಂದರೆ ಹೋಗಿಬರಲಿ.

ಇನ್ನು ಕೆಂಪು ಪೆನ್ನಿನ ವಿಚಾರ. ಮೊದಲ ಕರಡಿನಲ್ಲಿ ಒತ್ತಕ್ಷರ, ಮಹಾಪ್ರಾಣ, ಅಕಾರ ಹಕಾರಗಳ ಅದಲುಬದಲಿಗೆ ಗುರುತು ಹಾಕಬೇಡ. ಅಕ್ಷರದೋಷಕ್ಕೆ ಗುರುತು ಬಿದ್ದ ಪುಟದಲ್ಲಿ ಮಗು ಅಕ್ಷರಗಳನ್ನಷ್ಟೇ ತಿದ್ದಿಕೊಂಡು ಬರುತ್ತದೆ, ವಿಷಯ ಇದ್ದಲ್ಲೇ ಇರುತ್ತದೆ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಒಬ್ಬರದನ್ನು ಒಬ್ಬರಿಗೆ ಗಟ್ಟಿಯಾಗಿ ಓದಿಸು. ಕೇಳುವವರು ತಿಳಿಯದ ಕಡೆ ಪ್ರಶ್ನೆ ಕೇಳಲಿ. ‘ಗ್ರಂಥಾಲಯದಿಂದ ಬಹಳ ಉಪಯೋಗಗಳಿವೆ’ ಎಂದು ಓದಿದವಳಿಗೆ ಗೆಳತಿ ‘ಯಾರಿಗೆ?’ ಎಂದರೆ ಸಾಕು, ‘ನಮ್ಮ ಬೀದಿಯ ಅಕ್ಕ ಪೊಲೀಸ್ ಪರೀಕ್ಷೆಗೆ ಅಲ್ಲಿಯೇ ಕುಳಿತು ಓದುತ್ತಾಳೆ’ ಎಂಬ ವಾಕ್ಯ ಹೊರಬರುತ್ತದೆ. ತುಂಬಿದ ತರಗತಿಯಲ್ಲಿ ಎಲ್ಲರ ಎರಡೆರಡು ಕರಡುಗಳನ್ನು ನೀನೊಬ್ಬಳೇ ನೋಡಲಾರೆ ಎಂಬ ಕಷ್ಟಕ್ಕೂ ಇದೇ ದಾರಿ. ಕಾಗುಣಿತವನ್ನು ಕೊನೆಯ ಪ್ರತಿಯಲ್ಲಿ ಎಷ್ಟು ಬೇಕಾದರೂ ಬಿಗಿಯಾಗಿ ನೋಡು.

ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಎಂದು ನಿಮ್ಮ ಮುಖ್ಯೋಪಾಧ್ಯಾಯರು ಕೇಳಬಹುದು, ಕೇಳುವುದು ನ್ಯಾಯವೇ. ಅಲ್ಲಿ ಎರಡು ಕರಡು ಬರೆಯಲಾಗದು, ಆದರೆ ವರ್ಷವಿಡೀ ಹೀಗೆ ಬರೆದವರು ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಅಂಶಗಳನ್ನು ಬೇಗ ಗುರುತು ಹಾಕಿಕೊಂಡು, ಬೇಡದ್ದನ್ನು ಬಿಟ್ಟು ಬರೆಯುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಪ್ರಬಂಧಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಲು ಅನುಮತಿ ಕೇಳಿಕೋ. ಕೊಡದಿದ್ದರೆ ಒಂದನ್ನಾದರೂ ಪೂರ್ತಿ ಹೀಗೆ ಮಾಡಿಸು.

ದಸರೆಗೆ ಬರುವಾಗ ಕರಡು ಮತ್ತು ಕೊನೆಯ ಪ್ರತಿ ಎರಡೂ ಇರುವ ನಾಲ್ಕಾರು ಪುಸ್ತಕಗಳನ್ನು ತೆಗೆದುಕೊಂಡು ಬಾ. ಚೆನ್ನಾಗಿ ಬರೆಯುವವರದು ಬೇಡ, ಅರ್ಧ ಪುಟಕ್ಕೇ ನಿಲ್ಲಿಸುವವರದನ್ನು ತಾ.

ಇಂತಿ,
ನಿನ್ನ ಅಮ್ಮ