ಭಾವನ ಕಾಗದಕ್ಕೆ ಉತ್ತರ, ಮಾನಸಳ ಕೆಲಸದ ವಿಷಯ

ಸ್ಕೋಕಿ, ಇಲಿನಾಯ್
ಅಕ್ಟೋಬರ್ 2025

ಪ್ರೀತಿಯ ಅಕ್ಕನಿಗೆ, ಭಾವನವರಿಗೆ,

ನಮಸ್ಕಾರಗಳು. ನಾವೆಲ್ಲ ಕ್ಷೇಮ, ನೀವೂ ಕ್ಷೇಮ ತಾನೆ. ಹುಳಿಪುಡಿ, ಚಟ್ನಿಪುಡಿ ಕೃಷ್ಣನ ಕೈಯಲ್ಲಿ ಬಂತು. ಒಂದು ಪೊಟ್ಟಣ ದಾರಿಯಲ್ಲೇ ಒಡೆದು ಅವನ ಬಟ್ಟೆಯೆಲ್ಲ ಇಂಗಿನ ವಾಸನೆಯಂತೆ. ಪಾಪ, ಏನೂ ಅನ್ನಲಿಲ್ಲ. ನಂಜಮ್ಮತ್ತೆ ಮನೆ ಗೃಹಪ್ರವೇಶದ ಫೋಟೋ ನೋಡಿದೆ. ಚೆನ್ನಾಗಿದೆ.

ಇನ್ನು ಭಾವನ ಕಾಗದ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವಿಬ್ಬರೂ ಒಟ್ಟಿಗೇ ಮಾತಾಡುತ್ತೀರಿ, ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಭಾವ, ನಮ್ಮ ಮಗಳು ಮಾನಸಳನ್ನು ಕೇಳಿಕೊಂಡು ಬಂದ ತುಮಕೂರಿನ ಗಂಡಿನ ಕಡೆಯವರು "ಹುಡುಗಿಗೆ ಏನು ಕೆಲಸ" ಅಂದಾಗ, ಕಾಲೇಜಿನಲ್ಲಿ ಆಟದ ಕೋಚ್ ಅನ್ನೋದು ಬಿಟ್ಟು "ಕಾಲೇಜಿನಲ್ಲಿ ಲೆಕ್ಚರರ್" ಅಂದುಬಿಟ್ಟೆ ಅಂತ ನೀವೇ ಬರೆದಿದ್ದೀರಿ. ಅವರು "ಯಾವ ಸಬ್ಜೆಕ್ಟು" ಅಂದರಂತೆ, ಅಕ್ಕ ಕಾಫಿ ತರೋ ನೆಪದಲ್ಲಿ ಒಳಗೆ ಎದ್ದುಹೋದಳಂತೆ. ಇಲ್ಲಿ ಇವರಿಗೆ ಓದಿ ಹೇಳಿದೆ, ಇಬ್ಬರೂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆವು. ಆಮೇಲೆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಕೆಳಗೆ ಇನ್ನೊಂದು ಸಾಲು ಬರೆದಿದ್ದಿರಲ್ಲ, "ನಾನು ಜೀವನಪೂರ್ತಿ ಪಿ.ಟಿ. ಮೇಷ್ಟ್ರಾಗಿದ್ದವನು, ಈ ಕೆಲಸಕ್ಕೆ ಎಷ್ಟು ಮರ್ಯಾದೆ ಅಂತ ಗೊತ್ತು, ಮಗೂನ ಬಿಡಿಸು" ಅಂತ. ಬೇರೆ ಯಾರಾದರೂ ಬರೆದಿದ್ದರೆ ಸುಮ್ನೆ ಇದ್ದುಬಿಡುತ್ತಿದ್ದೆ. ನೀವು ಬರೆದಿದ್ದಕ್ಕೆ ಇಷ್ಟುದ್ದ ಉತ್ತರ.

ಮೊದಲು ಆಟ ಯಾವುದು ಅಂತ ಅಕ್ಕನಿಗೆ ಹೇಳಿಬಿಡುತ್ತೇನೆ. ಲ್ಯಾಕ್ರಾಸ್ ಅಂತ. ಅಜ್ಜನ ತೋಟದಲ್ಲಿ ಮಾವಿನಕಾಯಿ ಕೀಳೋಕೆ ತುದಿಗೆ ಬಲೆ ಕಟ್ಟಿದ ದೋಟಿ ಇತ್ತಲ್ಲ, ಅದನ್ನೇ ಮೂರೂವರೆ ಅಡಿಗೆ ಕತ್ತರಿಸಿದರೆ ಇವರ ಕೋಲು. ಗಟ್ಟಿ ರಬ್ಬರಿನ ಚೆಂಡು, ಅದನ್ನು ಬಲೆಯಲ್ಲಿ ಹಿಡಿದು ಓಡಬೇಕು, ಬಲೆಯಿಂದಲೇ ಎಸೆಯಬೇಕು. ಹೆಂಗಸರ ಕೋಲಿನಲ್ಲಿ ಬಲೆಯ ಗುಂಡಿ ಆಳ ಕಡಿಮೆ. ಕೈ ಆಡಿಸುತ್ತಾ ಓಡದಿದ್ದರೆ ಚೆಂಡು ಉದುರಿಹೋಗುತ್ತೆ. ಮಾನಸ ಹೈಸ್ಕೂಲಿನಲ್ಲಿದ್ದಾಗ ದಿನಾ ಸಂಜೆ ಗ್ಯಾರೇಜಿನ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಬಲಗೈಯಲ್ಲಿ ಒಂದಷ್ಟು, ಎಡಗೈಯಲ್ಲಿ ಒಂದಷ್ಟು. ಟಪ್, ಟಪ್, ಟಪ್. ಪಕ್ಕದ ಮನೆ ಮುದುಕಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು. ಗೋಡೆಯ ಬಿಳಿ ಬಣ್ಣ ಒಂದೇ ಕಡೆ ದುಂಡಗೆ ಕಿತ್ತುಹೋಗಿದೆ, ಇವರು ಇವತ್ತಿಗೂ ಬಳಿಸಿಲ್ಲ.

ಆಟ ಶುರುವಾಗೋದು ನೋಡಬೇಕು ನೀವು. ಮೈದಾನದ ಮಧ್ಯೆ ಇಬ್ಬರು ಹುಡುಗಿಯರು ಕೋಲಿನ ಬೆನ್ನಿಗೆ ಬೆನ್ನು ಒತ್ತಿ ಹಿಡಿಯುತ್ತಾರೆ, ರೆಫರಿ ನಡುವೆ ಚೆಂಡು ಇಡುತ್ತಾರೆ. ಸೀಟಿ ಊದಿದ ತಕ್ಷಣ ಇಬ್ಬರೂ ಕೋಲನ್ನು ಮೇಲಕ್ಕೆ ಎಳೆಯಬೇಕು, ಚೆಂಡು ತಲೆಗಿಂತ ಮೇಲೆ ಹಾರಬೇಕು. ಅದಕ್ಕೇ ಪ್ರತ್ಯೇಕ ತರಬೇತಿ, ಅದಕ್ಕೇ ಪ್ರತ್ಯೇಕ ಆಟಗಾರ್ತಿ. ಪ್ರತಿ ಗೋಲಾದ ಮೇಲೂ ಮತ್ತೆ ಅದೇ. ಗಂಡಸರಿಗೆ ಹೆಲ್ಮೆಟ್ಟು, ಪ್ಯಾಡು ಎಲ್ಲ ಇದೆ. ಹುಡುಗಿಯರಿಗೆ ಕಣ್ಣಿಗೆ ಒಂದು ಕನ್ನಡಕ, ಬಾಯಿಗೆ ಒಂದು ಗಾರ್ಡು, ಅಷ್ಟೇ. ಗೋಲ್‌ಕೀಪರ್ ಒಬ್ಬಳಿಗೆ ಮಾತ್ರ ಹೆಲ್ಮೆಟ್ಟು. ಅವರ ಆಟದಲ್ಲಿ ಮೈಗೆ ಮೈ ಗುದ್ದುವ ಹಾಗಿಲ್ಲ, ಅದಕ್ಕೆ. (ಅಕ್ಕ ಗಾಬರಿಯಾಗಬೇಡ. ಮಾನಸ ಈಗ ಆಡುವುದಿಲ್ಲ, ಆಡಿಸುವುದಷ್ಟೇ.) ಮೂಲದಲ್ಲಿ ಇದು ಇಲ್ಲಿನ ಮೂಲನಿವಾಸಿಗಳ ಆಟ. ಬಿಳಿಯರು ಅವರಿಂದ ಕಲಿತದ್ದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ ಭಾವ. ಕೋಚ್ ಅಂದರೆ ಒಂದು ವೃತ್ತಿಯೇ ಅಂತ ಕೇಳಿದ್ದೀರಿ. ನಮ್ಮ ಪಕ್ಕದ ಊರು ಎವನ್‌ಸ್ಟನ್. ಅಲ್ಲಿ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿ ಇದೆ. ಅಲ್ಲಿನ ಹೆಂಗಸರ ಲ್ಯಾಕ್ರಾಸ್ ತಂಡಕ್ಕೆ ಕೆಲ್ಲಿ ಅಮಾಂಟಿ ಹಿಲ್ಲರ್ ಅಂತ ಹೆಡ್ ಕೋಚ್. ಅವರ ಕಥೆ ಹೇಳುತ್ತೇನೆ, ಆಮೇಲೆ ನೀವೇ ಹೇಳಿ.

ಆಕೆ ಈ ಕೆಲಸಕ್ಕೆ ಬಂದಿದ್ದು 2000ದಲ್ಲಿ. ಆಗ ಅಲ್ಲಿ ತಂಡವೇ ಇರಲಿಲ್ಲ. ಇದ್ದ ತಂಡವನ್ನು 1992ರಲ್ಲಿ ಯೂನಿವರ್ಸಿಟಿಯವರು ಮುಚ್ಚಿಬಿಟ್ಟಿದ್ದರು. ಹುಡುಗಿಯರು ತಮ್ಮ ಖುಷಿಗೆ ಕ್ಲಬ್ ಅಂತ ಆಡಿಕೊಂಡಿದ್ದರು. ಈಕೆಗೆ ಕೊಟ್ಟ ಕೆಲಸ ಶೂನ್ಯದಿಂದ ತಂಡ ಕಟ್ಟುವುದು. ಈ ಆಟದ ಒಳ್ಳೆಯ ಹುಡುಗಿಯರೆಲ್ಲ ನ್ಯೂಯಾರ್ಕ್, ಮೇರಿಲ್ಯಾಂಡ್ ಕಡೆಯವರು. ಅವರನ್ನು ಚಿಕಾಗೊ ಚಳಿಗೆ ಕರೆಯಬೇಕು. ಇರೋರು ಸಾಲದೆ ಹೋದಾಗ ಏನು ಮಾಡಿದರು ಗೊತ್ತಾ? ಕ್ಯಾಂಪಸ್ಸಿನಲ್ಲಿ ಗಟ್ಟಿಮುಟ್ಟಾಗಿದ್ದ ಅವಳಿ ಅಕ್ಕತಂಗಿಯರು ಕಣ್ಣಿಗೆ ಬಿದ್ದರಂತೆ. ಆಟದ ಗಂಧವೇ ಗೊತ್ತಿಲ್ಲದ ಅವರನ್ನು ಹಿಡಿದು ಕೋಲು ಕೊಟ್ಟರು. ನೀವು ಖೋ ಖೋ ತಂಡಕ್ಕೆ ಸಂತೆಯಲ್ಲಿ ಸೌತೆಕಾಯಿ ಮಾರುತ್ತಿದ್ದ ಹುಡುಗಿಯನ್ನು ಕರೆತಂದದ್ದು ನೆನಪಾಯಿತು ನನಗೆ.

2002ರಲ್ಲಿ ಮೊದಲ ಸೀಸನ್. ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. 2005ರಲ್ಲಿ 21 ಪಂದ್ಯ, 21 ಗೆಲುವು. ಫೈನಲ್ಲಿನಲ್ಲಿ ವರ್ಜೀನಿಯಾವನ್ನು 13-10ರಲ್ಲಿ ಸೋಲಿಸಿ ರಾಷ್ಟ್ರೀಯ ಚಾಂಪಿಯನ್. ಅದುವರೆಗೆ ಆ ಕಪ್ಪು ಪೂರ್ವದ ರಾಜ್ಯಗಳನ್ನು ದಾಟಿ ಈ ಕಡೆ ಬಂದೇ ಇರಲಿಲ್ಲ. ಅಲ್ಲಿಂದ 2009ರವರೆಗೆ ಸಾಲಾಗಿ ಐದು ಸಲ, ಆಮೇಲೆ 2011, 2012. ಆ ಅವಳಿಗಳೂ 2005ರ ತಂಡದಲ್ಲಿದ್ದರು.

ಇನ್ನೊಂದು ತಮಾಷೆ. 2005ರಲ್ಲಿ ಗೆದ್ದ ತಂಡವನ್ನು ವೈಟ್ ಹೌಸಿಗೆ ಕರೆದು ಅಧ್ಯಕ್ಷ ಬುಷ್ ಜೊತೆ ಫೋಟೋ ತೆಗೆಸಿದರು. ನೋಡಿದರೆ ಮುಂದಿನ ಸಾಲಿನ ಕೆಲವು ಹುಡುಗಿಯರ ಕಾಲಲ್ಲಿ ಹವಾಯಿ ಚಪ್ಪಲಿ! ಚಾಂಪಿಯನ್ ಆಗಿದ್ದಕ್ಕಿಂತ ಚಪ್ಪಲಿಯದೇ ಸುದ್ದಿ ದೇಶದ ತುಂಬ. ಆಮೇಲೆ ಆ ಚಪ್ಪಲಿಗಳನ್ನು ಹರಾಜು ಹಾಕಿ, ಬ್ರೈನ್ ಟ್ಯೂಮರ್ ಇದ್ದ ಒಂದು ಪುಟ್ಟ ಹುಡುಗಿಗೆ ದುಡ್ಡು ಕೂಡಿಸಿದರು. ಅಕ್ಕ, ನೀನು ಹಾಲಿನ ಅಂಗಡಿಗೂ ಹವಾಯಿ ಹಾಕಿಕೊಂಡು ಹೋಗಬೇಡ ಅಂತ ನನಗೆ ಬೈಯುತ್ತಿದ್ದೆ, ಅಲ್ವಾ?

ಭಾವ, ನಿಮಗೆ ಮುಖ್ಯವಾದದ್ದು ಇನ್ನು ಮುಂದೆ ಇದೆ. 2012 ಆದಮೇಲೆ ಹತ್ತು ವರ್ಷ ಕಪ್ ಬರಲಿಲ್ಲ. ಇಲ್ಲಿ ಗೆಲ್ಲದ ಕೋಚನ್ನು ಮನೆಗೆ ಕಳಿಸೋದು ಮಾಮೂಲು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಈಕೆ ಇದ್ದರು. 2023ರಲ್ಲಿ ಮೊದಲ ಪಂದ್ಯ ಸೋತು, ಮಿಕ್ಕ 21ನ್ನೂ ಗೆದ್ದು, ಫೈನಲ್ಲಿನಲ್ಲಿ ಬೋಸ್ಟನ್ ಕಾಲೇಜನ್ನು 18-6ರಲ್ಲಿ ಹೊಡೆದರು. ಎಂಟನೇ ಕಪ್ಪು. ಮರುವರ್ಷ ಅದೇ ಬೋಸ್ಟನ್ನಿನವರು ಒಂದೇ ಗೋಲಿನಲ್ಲಿ ಸೇಡು ತೀರಿಸಿಕೊಂಡರು. ಈ ವರ್ಷದ ಫೈನಲ್ಲಿನಲ್ಲಿ ನಾರ್ತ್ ಕೆರೊಲಿನಾ ಎದುರು ಸೋಲು. ಇವರ ಒಳಾಂಗಣ ಮೈದಾನ ಮಿಶಿಗನ್ ಸರೋವರದ ದಂಡೆಯಲ್ಲಿದೆ. ಒಂದು ಗೋಡೆ ಪೂರ್ತಿ ಗಾಜು. ಫೆಬ್ರವರಿಯಲ್ಲಿ ಹೊರಗೆ ಸರೋವರದ ಅಂಚು ಹೆಪ್ಪುಗಟ್ಟಿರುತ್ತೆ, ಒಳಗೆ ಹುಡುಗಿಯರು ಬೆವರು ಸುರಿಸಿ ಓಡುತ್ತಿರುತ್ತಾರೆ. ಇಷ್ಟೆಲ್ಲ ಹೆಂಗಸರಿಗೆ. ಗಂಡಸರ ಲ್ಯಾಕ್ರಾಸ್ ಅಲ್ಲಿ ಇವತ್ತಿಗೂ ಬರೀ ಕ್ಲಬ್ಬು! 1972ರ ಟೈಟಲ್ ನೈನ್ ಕಾನೂನು ಬಂದಮೇಲೆ ಕಾಲೇಜಿನವರು ಹುಡುಗಿಯರ ಆಟಕ್ಕೂ ಸಮನಾಗಿ ಅವಕಾಶ ಕೊಡಲೇಬೇಕು. ಅದರ ಫಲ.

ಇಂಥ ಕೋಚ್ ಆಕಾಶದಿಂದ ಉದುರಲಿಲ್ಲ. ಮೇರಿಲ್ಯಾಂಡ್ ಯೂನಿವರ್ಸಿಟಿಯಲ್ಲಿ ಆಡುವಾಗ 1995, 1996 ಎರಡೂ ವರ್ಷ ಚಾಂಪಿಯನ್. ಅಲ್ಲಿ ಇವರಿಗೆ ಕಲಿಸಿದವರು ಸಿಂಡಿ ಟಿಮ್ಚಲ್. ಆಕೆ ಅದಕ್ಕೂ ಮುಂಚೆ ಇದೇ ನಾರ್ತ್‌ವೆಸ್ಟರ್ನಿನಲ್ಲಿ ಕೋಚಾಗಿದ್ದವರು! ಆಮೇಲೆ ನೇವಿ ಅಕಾಡೆಮಿಗೆ ಹೋದರು. ದೊಡ್ಡ ಕಾಲೇಜುಗಳ ಹೆಂಗಸರ ಲ್ಯಾಕ್ರಾಸಿನಲ್ಲಿ 500 ಪಂದ್ಯ ಗೆದ್ದ ಮೊದಲ ಕೋಚು. ಕೆಲ್ಲಿಯ ಅಣ್ಣ ಟೋನಿ ಅಮಾಂಟಿ ಐಸ್ ಹಾಕಿಯಲ್ಲಿ ದೊಡ್ಡ ಹೆಸರು, ಚಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡದಲ್ಲಿ ಆಡಿದವನು. ಮೊದಲು ಜನ ಈಕೆಯನ್ನು ಟೋನಿಯ ತಂಗಿ ಅನ್ನುತ್ತಿದ್ದಿರಬೇಕು. ಈಗ ನಮ್ಮ ಬೀದಿಯ ಹುಡುಗಿಯರಿಗೆ ಟೋನಿ ಯಾರು ಅಂತಲೇ ಗೊತ್ತಿಲ್ಲ. ಮತ್ತೆ, ಈಕೆಯ ಗಂಡ ಇವರ ಕೈಕೆಳಗೇ ಅಸಿಸ್ಟೆಂಟ್ ಕೋಚಾಗಿ ಕೆಲಸ ಮಾಡಿದವರು. ಇದನ್ನು ತುಮಕೂರಿನವರಿಗೆ ಹೇಳುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ನನ್ನ ಕೇಳಿದರೆ ಮೊದಲು ಅದನ್ನೇ ಹೇಳಿ, ಹುಡುಗನ ಮುಖ ಹೇಗಾಗುತ್ತೆ ನೋಡಿ ಬರೆಯಿರಿ.

ಇನ್ನು ನಮ್ಮ ಮಾನಸಳ ಕೆಲಸ. ಅವಳದು ಸಣ್ಣ ಕಾಲೇಜು, ಡಿವಿಷನ್ ತ್ರೀ ಅನ್ನುತ್ತಾರೆ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಹಾಗಾಗಿ ಆಟಗಾರ್ತಿಯರನ್ನು ಬರೀ ಮಾತಿನಲ್ಲೇ ಒಲಿಸಬೇಕು. ಅವಳು ಅಸಿಸ್ಟೆಂಟ್ ಕೋಚ್. ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸು, ಆಮೇಲೆ ಹಿಂದಿನ ಪಂದ್ಯದ ವಿಡಿಯೋ ಕತ್ತರಿಸಿ ಪ್ರತಿಯೊಬ್ಬಳಿಗೂ ತೋರಿಸಬೇಕು. ಯಾರು ಕ್ಲಾಸಿಗೆ ಹೋಗಿಲ್ಲ, ಯಾರ ಮಾರ್ಕ್ಸು ಇಳಿದಿದೆ ಅಂತ ಪ್ರೊಫೆಸರುಗಳ ಹಿಂದೆ ಅಲೆಯಬೇಕು. ಬಸ್ಸು, ಹೋಟೆಲ್ಲು, ರಾತ್ರಿ ಊಟದ ಆರ್ಡರು ಎಲ್ಲ ಅವಳದೇ. ಬೇಸಿಗೆಯಲ್ಲಿ ಟೂರ್ನಮೆಂಟುಗಳಿಗೆ ಹೋಗಿ, ಮಡಚುವ ಕುರ್ಚಿ ಹಾಕಿಕೊಂಡು, ಬಿಸಿಲಲ್ಲಿ ಹೈಸ್ಕೂಲ್ ಮಕ್ಕಳ ಆಟ ನೋಡಿ ಬರೆದುಕೊಳ್ಳಬೇಕು. ಕಪ್ಪಾಗಿದ್ದಾಳೆ. ಅಕ್ಕ, ಕಡಲೆಹಿಟ್ಟು ಹಚ್ಚಿಕೋ ಅಂತ ನೀನು ಹೇಳೋದೇನೂ ಬೇಡ, ನಾನು ಹೇಳಿ ಸಾಕಾಗಿದೆ.

ದೊಡ್ಡ ಕಾಲೇಜುಗಳಲ್ಲಿ ಇನ್ನೂ ಮಜ. ಮೊದಲೆಲ್ಲ ಎಂಟು, ಒಂಬತ್ತನೇ ಕ್ಲಾಸಿನ ಹುಡುಗಿಯರನ್ನೇ ಕೋಚುಗಳು ಬುಕ್ ಮಾಡಿಬಿಡುತ್ತಿದ್ದರಂತೆ, ನಮ್ಮಲ್ಲಿ ಹಿಂದಿನ ಕಾಲದಲ್ಲಿ ತೊಟ್ಟಿಲಲ್ಲೇ ಸಂಬಂಧ ಗೊತ್ತು ಮಾಡುತ್ತಿದ್ದರಲ್ಲ! 2017ರಲ್ಲಿ ಅದಕ್ಕೆ ಕಡಿವಾಣ ಹಾಕಿದರು. ಈಗ ಹುಡುಗಿ ಹನ್ನೊಂದನೇ ಕ್ಲಾಸಿಗೆ ಬಂದ ವರ್ಷ ಸೆಪ್ಟೆಂಬರ್ 1ರವರೆಗೆ ಕೋಚ್ ಒಂದು ಮಾತೂ ಆಡುವ ಹಾಗಿಲ್ಲ. ಅದಕ್ಕೇ ಆಗಸ್ಟ್ 31ರ ಮಧ್ಯರಾತ್ರಿ ಕೋಚುಗಳೆಲ್ಲ ಫೋನ್ ಹಿಡಿದು ಕೂತಿರುತ್ತಾರೆ. ಆ ಕಡೆ ಮಕ್ಕಳು, ಅಪ್ಪ ಅಮ್ಮ ಎಲ್ಲ ಎದ್ದು ಕೂತಿರುತ್ತಾರೆ. ಗಂಟೆ ಹನ್ನೆರಡಾದ ತಕ್ಷಣ ಫೋನು ಬಂತೋ, ಬದುಕು ಬಂಗಾರ. ಬರಲಿಲ್ಲವೋ, ಮನೆಯಲ್ಲಿ ಸೂತಕದ ಕಳೆ.

ಸಂಬಳದ ವಿಷಯ ನೇರವಾಗಿ ಹೇಳುತ್ತೇನೆ. ಕಡಿಮೆ. ಅವಳ ಜೊತೆ ಓದಿದ ಸಾಫ್ಟ್‌ವೇರ್ ಹುಡುಗಿಯರಿಗೆ ಬರುವುದರಲ್ಲಿ ಅರ್ಧವೂ ಇಲ್ಲ. ಬಾಡಿಗೆ ಅವಳೇ ಕಟ್ಟುತ್ತಾಳೆ, ಕಾರಿನ ಇನ್ಶೂರೆನ್ಸ್ ಮಾತ್ರ ಇವರು ಕಟ್ಟುತ್ತಾರೆ. ಇದು ನಿಮ್ಮಲ್ಲೇ ಇರಲಿ. ಆದರೆ ಅಸಿಸ್ಟೆಂಟ್ ಆಗಿ ನಾಲ್ಕಾರು ವರ್ಷ ಮಣ್ಣು ಹೊತ್ತರೆ ಹೆಡ್ ಕೋಚ್ ಆಗುವ ದಾರಿ ಇದೆ. ಹೆಡ್ ಕೋಚ್ ಅಂದರೆ ಇಲ್ಲಿ ಕಾಲೇಜಿನ ದೊಡ್ಡ ಮನುಷ್ಯರಲ್ಲಿ ಒಬ್ಬರು. ನಿಮ್ಮ ಹಾಗೆ ಬೆಳಗಿನ ಪ್ರಾರ್ಥನೆಗೆ ಸೀಟಿ ಊದಿ, ಆಮೇಲೆ ಜನಗಣತಿ, ಚುನಾವಣೆ ಡ್ಯೂಟಿ ಅಂತ ಅಲೆಯಬೇಕಾಗಿಲ್ಲ. ಬೇಜಾರಾಗಬೇಡಿ ಭಾವ. ನಿಮಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ ಅಂತ ನಮಗೆಲ್ಲ ಗೊತ್ತು. ಇವಳಿಗೆ ಸಿಗಬಾರದು ಅಂತಿಲ್ಲವಲ್ಲ. ಜನವರಿಯಲ್ಲಿ ದಿಲ್ಲಿಯಲ್ಲಿ ನಮ್ಮ ಹುಡುಗಿಯರು ಖೋ ಖೋ ವಿಶ್ವಕಪ್ ಗೆದ್ದ ದಿನ ನೀವು ಬೀದಿಯವರಿಗೆಲ್ಲ ಮೈಸೂರುಪಾಕು ಹಂಚಿದಿರಂತೆ. ಆ ಹುಡುಗಿಯರನ್ನು ಸಣ್ಣ ಊರುಗಳಲ್ಲಿ ತಿದ್ದಿದ್ದು ನಿಮ್ಮಂಥ ಮೇಷ್ಟ್ರುಗಳೇ ಅಲ್ವಾ?

ನಾನೂ ತಾಯಿ. ಯೋಚನೆ ಇಲ್ಲ ಅಂದರೆ ಸುಳ್ಳು. ಇಪ್ಪತ್ತಾರಾಯಿತು, ವಾರದ ಕೊನೆಯೆಲ್ಲ ಬಸ್ಸಿನಲ್ಲೇ, ಹುಡುಗನನ್ನು ಭೇಟಿಯಾಗು ಅಂದರೆ "ಮೇ ಕಳೀಲಿ ಅಮ್ಮ, ಸೀಸನ್ ಮುಗೀಲಿ" ಅನ್ನುತ್ತಾಳೆ. ಮೇ ಮುಗಿದರೆ ಟೂರ್ನಮೆಂಟು, ಅದಾದರೆ ಸೆಪ್ಟೆಂಬರ್. ಆದರೂ ಗಾಬರಿ ಪಡುವಂಥದ್ದು ಏನೂ ಇಲ್ಲ. ಖಂಡಿತ ಏನೂ ಇಲ್ಲ. ಊಟ ಸರಿಯಾಗಿ ಮಾಡುತ್ತಾಳೆ, ಆರೋಗ್ಯವಾಗಿದ್ದಾಳೆ, ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ. ಇವರೂ ಏನೂ ಚಿಂತೆ ಮಾಡುತ್ತಿಲ್ಲ. ರಾತ್ರಿ ಎದ್ದು ಓಡಾಡುವುದು ಬಿಪಿ ಮಾತ್ರೆಯಿಂದ ಅಂತ ಡಾಕ್ಟರೇ ಹೇಳಿದ್ದಾರೆ.

ತುಮಕೂರಿನವರಿಗೆ ಇಷ್ಟು ಹೇಳಿ ಸಾಕು: ಹುಡುಗಿ ಕಾಲೇಜಿನಲ್ಲಿ ಲ್ಯಾಕ್ರಾಸ್ ಕೋಚ್. 2028ರಲ್ಲಿ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಈ ಆಟ ಇದೆ. 1908 ಆದಮೇಲೆ ಈಗಲೇ ಮತ್ತೆ ಪದಕಕ್ಕೆ ಆಡಿಸುತ್ತಿರುವುದು. ಆಗ ಕ್ರಿಕೆಟ್ಟೂ ಇರುತ್ತೆ, ಟಿವಿ ಹಾಕಿಯೇ ಇರುತ್ತಾರೆ, ಇದನ್ನೂ ನೋಡಲಿ. ಕೆಲಸ ಬಿಡುತ್ತಾಳಾ ಅಂತ ಮಾತ್ರ ಅವರು ಕೇಳಿದರೆ, ಮುಂದಿನ ಮಾತು ಬೇಡ ಅಂದುಬಿಡಿ. ಹುಡುಗ ಒಳ್ಳೆಯವನು ಅಂತ ನೀವು ಬರೆದಿರುವುದರಿಂದ ಅವನ ನಂಬರ್ ಮಾತ್ರ ಕಳಿಸಿ. ಮಾನಸಳಿಗೆ ನಾನು ಕೊಡುತ್ತೇನೆ. ಮಾತಾಡುತ್ತಾಳೋ ಇಲ್ಲವೋ ಅವಳಿಷ್ಟ.

ಅಕ್ಕ, ಸಕ್ಕರೆ ಚೆಕ್ ಮಾಡಿಸಿಕೋ. ಭಾವ, ಮಂಡಿ ನೋವಿಗೆ ಆ ಎಣ್ಣೆ ಸಾಕು, ಆಪರೇಶನ್ನಿಗೆ ಅವಸರ ಬೇಡ. ಮಾನಸ ಡಿಸೆಂಬರ್‌ನಲ್ಲಿ ಬರುತ್ತೇನೆ ಅಂದಿದ್ದಾಳೆ, ಟಿಕೆಟ್ ಇನ್ನೂ ಆಗಿಲ್ಲ, ಯಾರಿಗೂ ಹೇಳಬೇಡಿ. ಇವರು ಹಾರ್ನ್ ಹೊಡೆಯುತ್ತಿದ್ದಾರೆ, ಪೋಸ್ಟ್ ಆಫೀಸ್ ಮುಚ್ಚುವ ಹೊತ್ತಾಯಿತು. ಮಿಕ್ಕದ್ದು ಫೋನಿನಲ್ಲಿ.

ನಿಮ್ಮ
ಸುಧಾ

ಕೋಲು ಹಿಡಿದಿರುವ ಮಾನಸಳ ಫೋಟೋ ಒಂದು ಜೊತೆಗಿಟ್ಟಿದ್ದೇನೆ. ತುಮಕೂರಿಗೆ ಸೀರೆಯ ಫೋಟೋ ಬೇಡ, ಇದನ್ನೇ ಕಳಿಸಿ.