ತೆರೆಯುವ ಮೊದಲು ಹಲ್ಲನ್ನು ವಿಚಾರಿಸು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಎಕ್ಸ್‌ರೇ ನೋಡಿದೆ. ಹದಿಮೂರರ ಹುಡುಗ, ಮೇಲಿನ ಲ್ಯಾಟರಲ್ ಇನ್ಸೈಸರ್ (ನಡುವಿನ ಮುಂಹಲ್ಲಿನ ಪಕ್ಕದ್ದು), ವಸಡಿನ ಮೇಲೆ ಕೀವಿನ ಗುಳ್ಳೆ. ಹಲ್ಲಿನಲ್ಲಿ ಮಾತ್ರ ಚೂರೂ ಹುಳುಕಿಲ್ಲ. ಒಳಗೆ ಇನ್ನೊಂದು ಪುಟ್ಟ ಹಲ್ಲು ಕೂತಂತೆ ಕಾಣುತ್ತಿರುವುದು ಡೆನ್ಸ್ ಇನ್ವ್ಯಾಜಿನೇಟಸ್. 'ನರ ಸತ್ತಿದೆ, ನಾಳೆಯೇ ರೂಟ್ ಕೆನಾಲ್ ಶುರು ಮಾಡುತ್ತೇನೆ' ಎಂದು ಬರೆದಿದ್ದೀಯ. ತಡಿ ಮಗಳೇ. ಸತ್ತಿದೆ ಅಂತ ಹೇಗೆ ಗೊತ್ತಾಯಿತು?

ಹಲ್ಲು ಗಟ್ಟಿಯಾಗುವ ಮೊದಲೇ, ಎನಾಮಲ್ (ಹೊರಗಿನ ಗಟ್ಟಿ ಕವಚ) ಕಟ್ಟುವ ಪದರ ಒಳಕ್ಕೆ ಮಡಚಿಕೊಂಡು ಆಗುವ ದೋಷ ಇದು. 1957ರಲ್ಲಿ ದಂತವೈದ್ಯ ಓಲರ್ಸ್ ಮಾಡಿದ ಮೂರು ವಿಂಗಡಣೆಯನ್ನು ಪರೀಕ್ಷೆಗೆ ಓದಿದ್ದೀಯ, ಈಗ ಅದನ್ನು ಮತ್ತೆ ತೆಗೆದು ನೋಡು. ಮೊದಲ ಬಗೆಯಲ್ಲಿ ಮಡಿಕೆ ಹಲ್ಲಿನ ಮೇಲ್ಭಾಗದಲ್ಲೇ ಮುಗಿಯುತ್ತದೆ. ಎರಡನೆಯದರಲ್ಲಿ ಬೇರಿಗಿಳಿದು ಅಲ್ಲೇ ಮುಚ್ಚಿಕೊಳ್ಳುತ್ತದೆ. ಮೂರನೆಯದು ಬೇರನ್ನೇ ತೂರಿ ಪಕ್ಕಕ್ಕೋ ತುದಿಗೋ ಬಾಯಿ ಬಿಡುತ್ತದೆ. ಅಲ್ಲಿ ಸೋಂಕು ಮಡಿಕೆಯ ದಾರಿಯಲ್ಲೇ ಇಳಿದು ಮೂಳೆಯಲ್ಲಿ ಕೀವು ಕಟ್ಟಿಸಬಹುದು, ಪಲ್ಪ್ (ನರ, ರಕ್ತನಾಳಗಳಿರುವ ಹಲ್ಲಿನ ತಿರುಳು) ಮಾತ್ರ ಮಗ್ಗುಲಲ್ಲಿ ಜೀವಂತವಾಗಿಯೇ ಇರಬಹುದು. ನಿನ್ನ ಎಕ್ಸ್‌ರೇ ನೋಡಿದರೆ ನನಗೆ ಅದೇ ಅನುಮಾನ.

ಆದ್ದರಿಂದ ನರ ಸ್ಪಂದಿಸುತ್ತದೆಯೇ ಎಂದು ನೋಡುವ ಥಂಡಿ ಪರೀಕ್ಷೆ, ಎಲೆಕ್ಟ್ರಿಕ್ ಪರೀಕ್ಷೆ ಎರಡನ್ನೂ ಮಾಡಿ ಅಕ್ಕಪಕ್ಕದ ಹಲ್ಲುಗಳ ಜತೆ ಹೋಲಿಸು. ಅಷ್ಟೇ ಜಾಗದ ಸಿಬಿಸಿಟಿ (ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್) ತೆಗೆಸು. ಖರ್ಚೆಂದು ತಂದೆತಾಯಿ ಹಿಂಜರಿದರೆ ಕೂತು ಬಿಡಿಸಿ ಹೇಳು: ಮಾಮೂಲಿ ಎಕ್ಸ್‌ರೇಯಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತದೆ, ಮಡಿಕೆ ಎಲ್ಲಿ ಹೋಗಿ ತೆರೆದುಕೊಂಡಿದೆ ಎಂದು ಅದರಿಂದ ತಿಳಿಯುವುದಿಲ್ಲ.

ಪಲ್ಪ್ ಜೀವಂತವಿದ್ದರೆ ಅದನ್ನು ಮುಟ್ಟಲೇಬೇಡ. ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಹಾಳೆ ಹಾಕಿ, ಮೈಕ್ರೋಸ್ಕೋಪ್ ಕೆಳಗೆ ಮಡಿಕೆಯನ್ನಷ್ಟೇ ತೆರೆ. ಒಳಗೆಲ್ಲ ಅಂಕುಡೊಂಕು, ಕೆರೆಯುವ ಫೈಲ್ ಸೂಜಿ ಎಲ್ಲ ಗೋಡೆಗೂ ತಾಗುವುದಿಲ್ಲ. ಶುದ್ಧಿ ಮಾಡುವುದು ಹೈಪೋಕ್ಲೋರೈಟ್ ದ್ರಾವಣ ಮತ್ತು ಅಲ್ಟ್ರಾಸಾನಿಕ್ ಕಂಪನ. ಆದರೆ ಮಡಿಕೆಯ ತುದಿ ತೆರೆದಿರುತ್ತದೆ ಎಂಬುದು ನೆನಪಿರಲಿ. ಪಕ್ಕಕ್ಕೆ ರಂಧ್ರವಿರುವ ಸೂಜಿ ಬಳಸು, ಒತ್ತಬೇಡ. ದ್ರಾವಣ ಆಚೆ ನುಗ್ಗಿದರೆ ಹುಡುಗನ ಮುಖವೇ ಊದಿಕೊಂಡೀತು. ಕೆಲವು ವಾರ ಸೋಂಕು ಅಡಗಿಸುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು, ಗುಳ್ಳೆ ಬತ್ತಿದ ಮೇಲೆ ತುದಿ ಮುಚ್ಚಲು ಎಂಟಿಎ ಜಾತಿಯ ದಂತ ಸಿಮೆಂಟ್, ಮೇಲಕ್ಕೆ ರಬ್ಬರಿನಂಥ ಬಿಸಿ ಗಟ್ಟಾಪರ್ಚಾ ತುಂಬು. ಮುಂದಿನ ಹಲ್ಲಾದ್ದರಿಂದ ಬಿಸ್ಮತ್ ಆಕ್ಸೈಡ್ ಇಲ್ಲದ ಸಿಮೆಂಟ್ ಆರಿಸು, ಇಲ್ಲದಿದ್ದರೆ ಹಲ್ಲು ಕಪ್ಪಾಗಬಹುದು.

ಪಲ್ಪ್ ನಿಜಕ್ಕೂ ಸತ್ತಿದ್ದರೆ ಮಡಿಕೆ, ಪಲ್ಪ್‌ನ ನಾಳ ಎರಡೂ ದಾರಿಗಳನ್ನು ಶುದ್ಧಿ ಮಾಡಬೇಕು. ಮೂಳೆ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಅದಕ್ಕೆ ಮೊದಲೇ ಶಸ್ತ್ರಚಿಕಿತ್ಸೆಯ ಮಾತು ಎತ್ತಬೇಡ. ಕಿತ್ತುಬಿಡಿ ಎಂದು ಮನೆಯವರೇ ಹೇಳಿದರೂ ಒಪ್ಪಬೇಡ. ಹುಡುಗನ ದವಡೆ ಇನ್ನೂ ಬೆಳೆಯುತ್ತಿದೆ. ಬೆಳವಣಿಗೆ ನಿಲ್ಲುವ ತನಕ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಬೇರು) ಹಾಕುವಂತಿಲ್ಲ. ಅಷ್ಟು ವರ್ಷ ಆ ಮಗು ಬಾಯಿ ಮುಚ್ಚಿಕೊಂಡು ನಗಬೇಕೇ?

ಇನ್ನೊಂದು ಬದಿಯ ಲ್ಯಾಟರಲ್ ಹಲ್ಲನ್ನೂ ಮರೆಯದೆ ನೋಡು, ಈ ದೋಷ ಎಷ್ಟೋ ಸಲ ಎರಡೂ ಕಡೆ ಇರುತ್ತದೆ. ಹಿಂಬದಿಯಲ್ಲಿ ಸಣ್ಣ ಗುಳಿ ಕಂಡರೆ ಅಂದೇ ಸೀಲ್ ಮಾಡಿ ಕಳಿಸು. ಸಿಬಿಸಿಟಿ ಬಂದ ಕೂಡಲೇ ನನಗೂ ಕಳಿಸು, ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ